ಬ್ರೇಕಿನ ಎರಡು ತಂತಿಗಳು

(ಸಂಘದ ಕೋಣೆಯಲ್ಲಿ ಭಾನುವಾರ ಸಂಜೆ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾವು ಆಡಬೇಕೆಂದಿರುವ ಮಾತು ಪಗಾರದ್ದಲ್ಲ, ಬೋನಸ್ಸಿನದಲ್ಲ. ಎರಡು ತೆಳ್ಳಗಿನ ತಂತಿಗಳ ಮಾತು. 'ಸಂಘದ ಸಭೆಯಲ್ಲಿ ತಂತಿಯ ಪುರಾಣವೇಕೆ?' ಎಂದು ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಕಾಣುತ್ತಿದೆ. ನಗುವುದಾದರೆ ನಗಿರಿ, ಬೇಸರವಿಲ್ಲ. ಆದರೆ ಮಾತು ಮುಗಿಯುವ ತನಕ ಏಳಬೇಡಿ. ಆ ಎರಡು ತಂತಿಗಳನ್ನು ಜೋಡಿಸದೆ ಬಿಟ್ಟ ಕಾರಣಕ್ಕೆ ನಮ್ಮ ಒಬ್ಬ ಹುಡುಗ ಆರು ವಾರ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಕೂರಬೇಕಾಯಿತು. ಜೋಡಿಸದೆ ಬಿಟ್ಟವರು ಬೇರೆ ಯಾರೂ ಅಲ್ಲ, ನಾವೇ. ಅದನ್ನು ಮೊದಲು ಒಪ್ಪಿಕೊಂಡು ಮಾತು ಶುರು ಮಾಡುತ್ತೇವೆ.

ನಿಮಗೆಲ್ಲ ಗೊತ್ತಿರುವ ಸಂಗತಿ. ಈಗ ಹೋಟೆಲಿಗೆ ಬಂದು ಕೂತು ತಿನ್ನುವವರಷ್ಟೇ ಮಂದಿ ಮನೆಯಲ್ಲೇ ಕೂತು ತರಿಸಿಕೊಳ್ಳುವವರೂ ಇದ್ದಾರೆ. ಒಳಗೆ ಬಸಿ ಎತ್ತುತ್ತಿದ್ದ ಮಾಣಿಯ ಕೈಗೆ ಪಾರ್ಸೆಲ್ಲಿನ ಚೀಲ ಬಂದಿದೆ. ಮೋಟಾರು ಸೈಕಲ್ಲು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಾಗಾಗಿ ಹಳೆಯ ಸೈಕಲ್ಲಿಗೆ ಮೋಟಾರು ಕೂರಿಸುವ ಉಪಾಯ ಹಬ್ಬಿತು. ಸಾಮಾನಿನ ಪೆಟ್ಟಿಗೆ ಒಂದೇ ಕಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಚಕ್ರದ ನಡುವೆ ಕೂರುವ ಮೋಟಾರು, ಅದನ್ನು ಆಳುವ ಕಂಟ್ರೋಲರು ಎಂಬ ಚಿಕ್ಕ ತಗಡಿನ ಡಬ್ಬಿ, ಬಲಗೈಯಲ್ಲಿ ತಿರುಪುವ ಹಿಡಿ, ಪೆಡಲಿನ ಹತ್ತಿರ ಕೂರುವ ಒಂದು ಬಿಲ್ಲೆ, ಮತ್ತೆ ತಂತಿ ಕಟ್ಟಿದ ಎರಡು ಬ್ರೇಕು ಲಿವರುಗಳು ಇರುತ್ತವೆ. ಬ್ಯಾಟರಿ ಬೇರೆ ತರಬೇಕು.

ನಾವು ಮೂರು ನಾಲ್ಕು ಮಂದಿ ಈ ಕೆಲಸ ಕಲಿತೆವು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಓಣಿಯ ದೀಪದ ಕೆಳಗೆ ಕೂತು, ಒಂದು ಸೈಕಲ್ಲು ಕೆಡಿಸಿ ಇನ್ನೊಂದು ಸರಿಮಾಡಿ ಕಲಿತದ್ದು. ಹುಡುಗರಿಗೆ ಕಟ್ಟಿಕೊಟ್ಟೆವು. ಒಂದು ಊಟ ಕೊಡಿಸಿದರೆ ಅದೇ ಕೂಲಿ. ಆಗ ನಮಗೆ ಬಹಳ ಹೆಮ್ಮೆ.

ಪೆಟ್ಟಿಗೆಯಲ್ಲಿದ್ದ ಆ ಎರಡು ಬ್ರೇಕು ಲಿವರುಗಳನ್ನು ಮಾತ್ರ ನಾವು ಮೂಲೆಗೆ ಹಾಕುತ್ತಿದ್ದೆವು. ಕಾರಣವಿತ್ತು. ನಮ್ಮ ಹುಡುಗರದು ಹಾಲಿನವರ, ಪೇಪರಿನವರ ಹಾಗೆ ಗಟ್ಟಿ ಕಬ್ಬಿಣದ ಹಳೇ ಮಾದರಿ ಸೈಕಲ್ಲು. ಅದರ ಬ್ರೇಕು ಕೇಬಲ್ಲಿನದಲ್ಲ, ಕಬ್ಬಿಣದ ಸರಳಿನದು. ಲಿವರು ಎತ್ತಿದರೆ ಸರಳು ಮೇಲಕ್ಕೆ ಬಂದು, ಕುದುರೆಲಾಳದಂಥ ಕಮ್ಮಿ ರಬ್ಬರು ಗುಲ್ಲೆಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಪೆಟ್ಟಿಗೆಯಲ್ಲಿ ಬರುವ ಲಿವರುಗಳು ಕೇಬಲ್ಲಿಗೆ ಮಾಡಿದವು, ಸರಳಿಗೆ ಕೂರುವುದಿಲ್ಲ. ಅವನ್ನು ಜೋಡಿಸದೆಯೂ ಮೋಟಾರು ಚೆನ್ನಾಗಿ ಓಡುತ್ತಿತ್ತು. ಮಾರಿದ ಅಂಗಡಿಯವರನ್ನು ಕೇಳಿದೆವು. 'ಅದು ಇಲ್ಲದಿದ್ದರೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ' ಎಂದರು. ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಕಂಟ್ರೋಲರಿನಿಂದ ಹೊರಗೆ ಬಂದ ಬ್ರೇಕಿನ ತಂತಿಯ ಬಾಯಿಗೆ ಟೇಪು ಸುತ್ತಿ ಒಳಗೆ ಮಡಚಿ ಇಟ್ಟೆವು.

ಮಳೆಗಾಲದ ಒಂದು ಸಂಜೆ. ಕಿಂಗ್ಸ್ ಸರ್ಕಲಿನ ಕಡೆ ನೀರು ನಿಲ್ಲುವುದು ನಿಮಗೆ ಗೊತ್ತೇ ಇದೆ. ಹುಡುಗ ಎರಡು ಚೀಲ ಪಾರ್ಸೆಲ್ಲು ಹೇರಿಕೊಂಡು ಹೊರಟಿದ್ದ. ಮುಂದೆ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರು. ಹುಡುಗ ಹಿಡಿ ಬಿಟ್ಟ. ಮೋಟಾರು ನಿಲ್ಲಲಿಲ್ಲ. ಎರಡೂ ಬ್ರೇಕು ಹಿಡಿದ. ಒದ್ದೆಯಾದ ಕಬ್ಬಿಣದ ರಿಮ್ಮಿನ ಮೇಲೆ ರಬ್ಬರು ಜಾರಿತು, ಹಿಂದಿನಿಂದ ಮೋಟಾರು ನೂಕುತ್ತಲೇ ಇತ್ತು. ಬ್ಯಾಟರಿಯ ಕೀಲಿ ಕ್ಯಾರಿಯರಿನ ಕೆಳಗೆ, ಚೀಲದ ಹಿಂದೆ ಇತ್ತು. ಕೈ ಎಟಕುವಂತಿರಲಿಲ್ಲ. ಅಜ್ಜಿಯನ್ನು ಉಳಿಸಲು ಎಡಕ್ಕೆ ತಿರುಗಿಸಿ ತರಕಾರಿಯ ಕೈಗಾಡಿಗೆ ಹೋಗಿ ಬಿದ್ದ. ಮಣಿಕಟ್ಟು ಮುರಿಯಿತು. ಅಜ್ಜಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಮರುದಿನ ಧಣಿಗಳು, 'ಹುಡುಗನಿಗೆ ಗಾಡಿ ಬಿಡಲು ಬಾರದು, ಅಡ್ಡಾದಿಡ್ಡಿ ಓಡಿಸಿದ. ಚೆಲ್ಲಿದ ಸಾಮಾನಿನ ದುಡ್ಡು ಪಗಾರದಲ್ಲಿ ಮುರಿಯುತ್ತೇವೆ' ಎಂದರು. ಹುಡುಗ ನಮ್ಮ ಹತ್ತಿರ ಬಂದು, 'ಅಣ್ಣಾ, ನಾನು ಹಿಡಿ ಬಿಟ್ಟಿದ್ದೆ, ಸತ್ಯವಾಗಿ ಬಿಟ್ಟಿದ್ದೆ' ಎಂದ. ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಸೈಕಲ್ಲನ್ನು ಸಂಘದ ಕೋಣೆಗೆ ತಂದು ಬಿಚ್ಚಿದೆವು.

ಆಗ ಕಂಡದ್ದು ಇದು. ತಿರುಪುವ ಹಿಡಿಗೆ ಮೂರು ತಂತಿ ಇರುತ್ತವೆ. ಒಂದರಲ್ಲಿ ಕಂಟ್ರೋಲರಿನಿಂದ ಸುಮಾರು ೫ ವೋಲ್ಟು ಬರುತ್ತದೆ. ಇನ್ನೊಂದು ಅದು ಹಿಂದಿರುಗುವ ನೆಲದ ತಂತಿ. ಮೂರನೆಯದು ಸುದ್ದಿ ಒಯ್ಯುವ ತಂತಿ. ಹಿಡಿ ಬಿಟ್ಟಿದ್ದಾಗ ಸುದ್ದಿಯ ತಂತಿಯಲ್ಲಿ ೧ ವೋಲ್ಟಿನ ಆಸುಪಾಸು, ಪೂರ್ತಿ ತಿರುಪಿದಾಗ ೪ ವೋಲ್ಟಿನ ಆಸುಪಾಸು. ಅದನ್ನು ಓದಿ ಕಂಟ್ರೋಲರು ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಈ ಸೈಕಲ್ಲಿನಲ್ಲಿ ಹ್ಯಾಂಡಲು ತಿರುಗಿ ತಿರುಗಿ, ಬಗ್ಗುವ ಜಾಗದಲ್ಲಿ ನೆಲದ ತಂತಿ ಒಳಗೇ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ಕು ಸರಿಯಾಗಿಯೇ ಇತ್ತು. ನೆಲದ ತಂತಿ ಕಡಿದರೆ ಸುದ್ದಿಯ ತಂತಿಯ ವೋಲ್ಟು ಕೆಳಗಿಳಿಯುವುದಿಲ್ಲ, ಮೇಲಕ್ಕೇ ಏರಿಬಿಡುತ್ತದೆ. ಒಳ್ಳೆಯ ಕಂಟ್ರೋಲರು 'ಇದು ಕೆಟ್ಟಿದೆ' ಎಂದು ತಿಳಿದು ನಿಲ್ಲುತ್ತದೆ. ಅಗ್ಗದ ಕಂಟ್ರೋಲರು 'ಪೂರ್ತಿ ತಿರುಪಿದ್ದಾರೆ' ಎಂದು ತಿಳಿದು ಪೂರ್ತಿ ಓಡುತ್ತದೆ. ಹುಡುಗ ಹೇಳಿದ್ದು ಸತ್ಯವಾಗಿತ್ತು.

ಅಲ್ಲಿಯೇ ಪಕ್ಕದಲ್ಲಿ, ಟೇಪು ಸುತ್ತಿ ಮಡಚಿ ಇಟ್ಟ ಬ್ರೇಕಿನ ತಂತಿಯೂ ಕಂಡಿತು. ಅದು ಜೋಡಿಸಿದ್ದರೆ ಹುಡುಗ ಲಿವರು ಹಿಡಿದ ಕ್ಷಣವೇ ಮೋಟಾರು ನಿಲ್ಲುತ್ತಿತ್ತು, ಹಿಡಿ ಕೆಟ್ಟಿದ್ದರೂ ನಿಲ್ಲುತ್ತಿತ್ತು. ಏಕೆಂದರೆ ಕಂಟ್ರೋಲರು ಹಿಡಿಯ ಮಾತಿಗಿಂತ ಬ್ರೇಕಿನ ಮಾತನ್ನು ಮೇಲೆಂದು ಕೇಳುತ್ತದೆ. ಅದನ್ನು ನೋಡಿ ಆ ರಾತ್ರಿ ನಮಗೆ ಅನ್ನ ಸೇರಲಿಲ್ಲ.

ಬಂಧುಗಳೇ, ಇನ್ನು ಆ ತಂತಿಗಳ ಕೆಲಸವನ್ನು ಸರಳವಾಗಿ ಹೇಳುತ್ತೇವೆ. ಈ ಸಭೆಯಲ್ಲಿ ಹತ್ತಿಪ್ಪತ್ತು ಮಂದಿಯಾದರೂ ಇಂಥ ಸೈಕಲ್ಲಿನ ಮೇಲೆ ಹೊಟ್ಟೆ ಹೊರೆಯುವವರಿದ್ದೀರಿ. ಕಿವಿಗೊಟ್ಟು ಕೇಳಿ.

ಬ್ರೇಕಿನ ಲಿವರಿನಲ್ಲಿ ಅಡಗಿರುವುದು ಒಂದು ಚಿಕ್ಕ ಸ್ವಿಚ್ಚು. ಲಿವರು ಬಿಟ್ಟಿದ್ದಾಗ ತೆರೆದಿರುತ್ತದೆ, ಹಿಡಿದಾಗ ಎರಡು ತಂತಿಗಳೂ ಒಂದಾಗುತ್ತವೆ. ಕಂಟ್ರೋಲರು ಒಂದು ತಂತಿಯಲ್ಲಿ ಸಣ್ಣ ವೋಲ್ಟು ಇಟ್ಟು ಕಾಯುತ್ತಿರುತ್ತದೆ. ಆ ತಂತಿ ನೆಲದ ತಂತಿಗೆ ತಾಗಿದ ಕೂಡಲೇ ವೋಲ್ಟು ಸೊನ್ನೆಗೆ ಇಳಿಯುತ್ತದೆ. 'ಬ್ರೇಕು ಹಿಡಿದರು' ಎಂದು ತಿಳಿದು ಮೋಟಾರಿನ ಕರೆಂಟು ಕಡಿಯುತ್ತದೆ. ಇಷ್ಟೇ. ಇದರಲ್ಲಿ ಮಂತ್ರವಿಲ್ಲ, ತಂತ್ರವಿಲ್ಲ.

ತಂತಿ ಜೋಡಿಸದಿದ್ದರೂ ಗಾಡಿ ಏಕೆ ಓಡುತ್ತದೆ ಎಂಬುದೂ ಈಗ ನಿಮಗೆ ಹೊಳೆದಿರಬೇಕು. ತಂತಿ ಇಲ್ಲ ಎಂದರೆ ಕಂಟ್ರೋಲರಿಗೆ ಲಿವರು ಬಿಟ್ಟಿದೆ ಎಂದೇ ಅರ್ಥ. ಈ ಜನ್ಮದಲ್ಲಿ ಯಾರೂ ಬ್ರೇಕು ಹಿಡಿದೇ ಇಲ್ಲ ಎಂದು ಅದರ ನಂಬಿಕೆ. ಅದು ದೂರು ಹೇಳುವುದಿಲ್ಲ, ದೀಪ ಹಚ್ಚಿ ತೋರಿಸುವುದಿಲ್ಲ. ದೂರಿಲ್ಲದ್ದನ್ನು ಕಂಡು ನಾವು ಸರಿಯಾಗಿದೆ ಎಂದುಕೊಂಡೆವು.

ಒಂದು ತಪ್ಪು ತಿಳುವಳಿಕೆ ಬೇಡ. ಈ ತಂತಿ ಸೈಕಲ್ಲನ್ನು ನಿಲ್ಲಿಸುವುದಿಲ್ಲ, ಮೋಟಾರನ್ನು ಮಾತ್ರ ನಿಲ್ಲಿಸುತ್ತದೆ. ಸೈಕಲ್ಲನ್ನು ನಿಲ್ಲಿಸುವುದು ರಬ್ಬರು ಗುಲ್ಲೆಯೇ. ಗುಲ್ಲೆ ಸವೆದಿದ್ದರೆ, ಸರಳು ಸಡಿಲಾಗಿದ್ದರೆ, ಯಾವ ತಂತಿಯೂ ಕಾಯದು. ಗಂಟೆಗೆ ೨೫ ಕಿಲೋಮೀಟರು ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು ೭ ಮೀಟರು ದಾಟುತ್ತದೆ, ಎಂದರೆ ೨೩ ಅಡಿ. ನಮ್ಮ ಹೋಟೆಲಿನ ಗಲ್ಲಾದಿಂದ ಅಡಿಗೆಮನೆಯ ಬಾಗಿಲಿಗಿರುವಷ್ಟು ದೂರ. ಕಣ್ಣು ಕಂಡು ಕೈ ಹಿಡಿಯುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಹೋಗುತ್ತದೆ. ಆ ಮೇಲೂ ಮೋಟಾರು ಬೆನ್ನು ಹಿಡಿದು ನೂಕುತ್ತಿದ್ದರೆ ಗುಲ್ಲೆ ಯಾರ ಜೊತೆ ಕಾದಾಡಬೇಕು? ಹೇರಿದ ಭಾರದ ಜೊತೆಗೋ, ಮೋಟಾರಿನ ಜೊತೆಗೋ?

ಹಿಡಿ ಕೆಡದೆ ಇದ್ದರೂ ಈ ತಂತಿ ದಿನಾಲೂ ಬೇಕು. ಪೆಡಲಿನ ಹತ್ತಿರದ ಬಿಲ್ಲೆಯಲ್ಲಿ ಚಿಕ್ಕ ಅಯಸ್ಕಾಂತಗಳಿರುತ್ತವೆ. ಪೆಡಲು ತುಳಿದಾಗ ಅವು ತಿರುಗಿ ಮೋಟಾರಿಗೆ ಸುದ್ದಿ ಹೋಗುತ್ತದೆ. ತುಳಿಯುವುದನ್ನು ನಿಲ್ಲಿಸಿದ ಮೇಲೂ ಕಂಟ್ರೋಲರಿಗೆ ಅದು ತಿಳಿಯಲು ಅರ್ಧ, ಮುಕ್ಕಾಲು ಸೆಕೆಂಡು ಬೇಕಾಗುವುದುಂಟು. ಸಿಗ್ನಲಿನಲ್ಲಿ ನಿಂತಾಗ ಗಾಡಿ ತಾನಾಗಿ ಅರ್ಧ ಮೊಳ ಮುಂದೆ ಹಾರುವುದನ್ನು ನೀವು ಕಂಡಿದ್ದೀರಿ. ಅದು ಇದರ ಫಲ. ಬ್ರೇಕಿನ ತಂತಿ ಇದ್ದರೆ ಆ ಹಾರಾಟವಿಲ್ಲ. ಗುಲ್ಲೆಯೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಇನ್ನು ಜೋಡಿಸುವ ಬಗೆ. ಕೇಬಲ್ಲಿನ ಬ್ರೇಕು ಇರುವ ಸೈಕಲ್ಲಾದರೆ ಪೆಟ್ಟಿಗೆಯಲ್ಲಿ ಬಂದ ಲಿವರನ್ನೇ ಹಾಕಿ, ಕೆಲಸ ಮುಗಿಯಿತು. ಸರಳಿನ ಬ್ರೇಕಿನವರು ಅಂಗಡಿಯಲ್ಲಿ ಅಯಸ್ಕಾಂತದ ಬ್ರೇಕು ಸೆನ್ಸರು ಕೇಳಿ. ಒಂದು ತುಂಡು ಅಯಸ್ಕಾಂತ, ಒಂದು ತಂತಿ ಕಟ್ಟಿದ ಚಿಕ್ಕ ಸ್ವಿಚ್ಚು, ಎರಡೇ ವಸ್ತು. ಅಯಸ್ಕಾಂತವನ್ನು ಅಲುಗಾಡುವ ಲಿವರಿಗೆ ಅಂಟಿಸಬೇಕು, ಸ್ವಿಚ್ಚನ್ನು ಅಲುಗದ ಹ್ಯಾಂಡಲಿಗೆ ಕಟ್ಟಬೇಕು. ಇದರಲ್ಲಿ ಎರಡು ಜಾತಿ ಇದೆ. ಒಂದು ಜಾತಿ ಅಯಸ್ಕಾಂತ ಹತ್ತಿರ ಬಂದಾಗ ಕೂಡುತ್ತದೆ, ಇನ್ನೊಂದು ಜಾತಿ ದೂರ ಹೋದಾಗ ಕೂಡುತ್ತದೆ. ಕೂರಿಸುವ ಮೊದಲೇ ಮೀಟರು ಹಿಡಿದು ಯಾವ ಜಾತಿ ಎಂದು ತಿಳಿದುಕೊಳ್ಳಿ. ನಮಗೆ ಬೇಕಾದದ್ದು ಇಷ್ಟು: ಲಿವರು ಬಿಟ್ಟಾಗ ಮೀಟರು ಸುಮ್ಮನಿರಬೇಕು, ಹಿಡಿದಾಗ ಕೂಗಬೇಕು.

ನಾವು ಮೊದಲ ಸಲ ಕೂರಿಸಿದಾಗ ಅದು ಕೆಲಸ ಮಾಡಲೇ ಇಲ್ಲ. ಮೇಜಿನ ಮೇಲೆ ಚೆನ್ನಾಗಿ ಕೂಗುತ್ತಿದ್ದ ಮೀಟರು ಸೈಕಲ್ಲಿಗೆ ಕಟ್ಟಿದ ಮೇಲೆ ಮೂಕವಾಯಿತು. ಎರಡು ರಾತ್ರಿ ತಲೆ ಕೆರೆದುಕೊಂಡೆವು. ಆಮೇಲೆ ತಿಳಿಯಿತು, ನಮ್ಮ ಹ್ಯಾಂಡಲೂ ಕಬ್ಬಿಣ, ಸರಳೂ ಕಬ್ಬಿಣ. ಕಬ್ಬಿಣ ಅಯಸ್ಕಾಂತದ ಸೆಳೆತವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಸ್ವಿಚ್ಚಿಗೆ ಉಳಿಯುವುದು ಸ್ವಲ್ಪವೇ. ಹಳೆಯ ಟ್ಯೂಬಿನ ರಬ್ಬರನ್ನು ನಾಲ್ಕು ಮಡಿಕೆ ಮಾಡಿ ಎರಡರ ಕೆಳಗೂ ಇಟ್ಟು ಕಬ್ಬಿಣದಿಂದ ದೂರ ಮಾಡಿದೆವು. ಆಗ ಕೂಗಿತು. ಅಂಟನ್ನು ಮಾತ್ರ ನಂಬಬೇಡಿ, ಮಳೆಗೂ ಬಿಸಿಲಿಗೂ ಬಿಡುತ್ತದೆ. ಮೇಲಿಂದ ಪಟ್ಟಿಯನ್ನೂ ಬಿಗಿಯಿರಿ.

ಎಷ್ಟು ಹಿಡಿದಾಗ ಕೂಗಬೇಕು ಎಂಬುದೂ ಮುಖ್ಯ. ಗುಲ್ಲೆ ರಿಮ್ಮಿಗೆ ತಾಗುವುದಕ್ಕೆ ಮೊದಲೇ ಮೋಟಾರು ನಿಲ್ಲಬೇಕು. ಲಿವರಿನಲ್ಲಿ ಬೆರಳು ಕೂತ ಕೂಡಲೇ ಕಡಿಯಬೇಕು, ಬಿಗಿ ಹಿಡಿದ ಮೇಲಲ್ಲ. ಆದರೆ ಗುಂಡಿಯ ರಸ್ತೆಯಲ್ಲಿ ಲಿವರು ನಡುಗಿದ್ದಕ್ಕೇ ಕಡಿಯುವಷ್ಟು ಸೂಕ್ಷ್ಮವೂ ಬೇಡ. ನಡುವಿನ ಹದ ನೋಡಿಕೊಳ್ಳಿ. ದೋಸೆಯ ಕಾವಲಿಯ ಹದ ತಿಳಿದವರಿಗೆ ಇದು ದೊಡ್ಡ ವಿದ್ಯೆಯಲ್ಲ.

ತಂತಿ ಕೂಡಿಸುವಾಗ ನೆನಪಿಡಬೇಕಾದ ನಾಲ್ಕು ಮಾತು.

ಮೊದಲನೆಯದು, ಬ್ಯಾಟರಿಯ ಕೀಲಿ ತೆಗೆದು, ಬ್ಯಾಟರಿಯ ಗೂಟವನ್ನೂ ಬಿಡಿಸಿ ಕೆಲಸಕ್ಕೆ ಕೂರಿ. ಕಂಟ್ರೋಲರಿನೊಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಕೂಡಲೇ ಕೈ ಹಾಕಬೇಡಿ.

ಎರಡನೆಯದು, ಎಡದ ಲಿವರು, ಬಲದ ಲಿವರು ಎರಡನ್ನೂ ಕಂಟ್ರೋಲರಿನ ಅದೇ ಎರಡು ತಂತಿಗಳಿಗೆ ಅಕ್ಕಪಕ್ಕ ಕೂಡಿಸಬೇಕು. ಯಾವುದೊಂದನ್ನು ಹಿಡಿದರೂ ಮೋಟಾರು ನಿಲ್ಲಬೇಕು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ, ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ನಿಲ್ಲುತ್ತದೆ. ಒಂದು ಕೈಯಲ್ಲಿ ಚೀಲ ಇರುವವನ ಗತಿಯೇನು?

ಮೂರನೆಯದು, ಬಣ್ಣವನ್ನು ನಂಬಬೇಡಿ. ಒಂದು ಪೆಟ್ಟಿಗೆಯಲ್ಲಿ ಕೆಂಪು ಇರುವ ಜಾಗದಲ್ಲಿ ಇನ್ನೊಂದರಲ್ಲಿ ಹಳದಿ ಇರುತ್ತದೆ. ಮೀಟರಿನಲ್ಲಿ ನೋಡಿಯೇ ಕೂಡಿಸಿ. ಕೆಲವು ಕಂಟ್ರೋಲರುಗಳಲ್ಲಿ ಬ್ರೇಕಿಗೆ ಎರಡು ಬಾಗಿಲು ಇರುತ್ತವೆ. ಒಂದು ನಾವು ಹೇಳಿದ ಸಣ್ಣ ವೋಲ್ಟಿನದು. ಇನ್ನೊಂದು ಸ್ಕೂಟರಿನ ಬ್ರೇಕು ದೀಪದ ೧೨ ವೋಲ್ಟಿಗೆ ಮಾಡಿದ್ದು. ಒಂದರದ್ದನ್ನು ಇನ್ನೊಂದಕ್ಕೆ ಕೊಡಬಾರದು. ಬ್ಯಾಟರಿಯ ೩೬ ವೋಲ್ಟು ಸಣ್ಣ ವೋಲ್ಟಿನ ತಂತಿಗೆ ತಾಗಿತೋ, ಕಂಟ್ರೋಲರು ಅಲ್ಲೇ ಸುಟ್ಟಿತು. ಮೂರು ತಂತಿಯ ಸೆನ್ಸರೂ ಬರುತ್ತದೆ, ಅದಕ್ಕೆ ೫ ವೋಲ್ಟನ್ನು ಬೇರೆ ಕೊಡಬೇಕು. ಅದನ್ನು ಎರಡು ತಂತಿಯದರಂತೆ ಕಟ್ಟಿದರೆ ಕೆಲಸ ಮಾಡುವುದಿಲ್ಲ.

ನಾಲ್ಕನೆಯದು ಮಳೆ. ಮುಂಬಯಿಯ ಮಳೆ ಎಲ್ಲ ಟೇಪನ್ನೂ ಸೋಲಿಸುತ್ತದೆ. ತಂತಿ ಕೂಡಿದ ಜಾಗದ ಬಾಯಿ ಕೆಳಮುಖವಾಗಿರಲಿ. ಅದಕ್ಕಿಂತ ಕೆಳಗೆ ತಂತಿಯನ್ನು ಒಂದು ಜೋಲು ಬಿಡಿ, ನೀರು ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಕೂಡಿನೊಳಗೆ ಇಳಿಯುವುದಿಲ್ಲ. ಕೂಡಿದ ಜಾಗಕ್ಕೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ನೀರು ಹೊಕ್ಕರೆ ಲಿವರು ಹಿಡಿಯದೆಯೇ ಮೋಟಾರು ನಡುದಾರಿಯಲ್ಲಿ ನಿಲ್ಲುವುದುಂಟು. ಆಗ ಹುಡುಗರು ಮಾಡುವುದೇನು? ಸಿಟ್ಟಿನಿಂದ ಬ್ರೇಕಿನ ತಂತಿ ಕಿತ್ತು ಬಿಸಾಡುತ್ತಾರೆ. ಗಾಡಿ ಮತ್ತೆ ಓಡುತ್ತದೆ. ಒಣಗಿದ ಮೇಲೆ ಕೂಡಿಸುತ್ತೇನೆ ಎಂದುಕೊಳ್ಳುತ್ತಾರೆ, ಆ 'ಮೇಲೆ' ಬರುವುದೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಕಿತ್ತರೆ ಅವತ್ತು ರಾತ್ರಿಯೇ ಸಂಘದ ಕೋಣೆಗೆ ತನ್ನಿ.

ಇನ್ನು ದಿನದ ಪರೀಕ್ಷೆ. ನಾವು ಹೇಳಿದ ಸ್ವಿಚ್ಚಿಗೆ ಒಂದು ಕೆಟ್ಟ ಗುಣವಿದೆ. ಅದರ ತಂತಿ ಕಡಿದರೆ ಯಾರಿಗೂ ತಿಳಿಯುವುದಿಲ್ಲ. ಕಡಿದ ತಂತಿಯೂ ಬಿಟ್ಟ ಲಿವರೂ ಕಂಟ್ರೋಲರಿಗೆ ಒಂದೇ. ಆದ್ದರಿಂದ ನಿತ್ಯ ನೋಡಲೇಬೇಕು. ಬೆಳಿಗ್ಗೆ ಮೊದಲ ಪಾರ್ಸೆಲ್ಲಿಗೆ ಮುಂಚೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮೋಟಾರಿನ ಚಕ್ರ ನೆಲ ಬಿಡುವಂತೆ ಮಾಡಿ. ಹಿಡಿಯನ್ನು ಮೆಲ್ಲನೆ ತಿರುಪಿ ಚಕ್ರ ತಿರುಗಲಿ. ಎಡದ ಲಿವರನ್ನು ಬೆರಳಲ್ಲಿ ಮುಟ್ಟಿ ಹಿಡಿಯಿರಿ, ಕರೆಂಟು ಕಡಿಯಬೇಕು. ಬಿಡಿ, ಮತ್ತೆ ತಿರುಗಬೇಕು. ಬಲದ ಲಿವರಿಗೂ ಹಾಗೆಯೇ. ಆಮೇಲೆ ಹಿಡಿಯನ್ನು ಹಾಗೇ ಇಟ್ಟು ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಿ. ಚಕ್ರದ ಓಟ ಹೆಚ್ಚು ಕಡಿಮೆಯಾದರೆ ಎಲ್ಲೋ ಒಳಗೆ ತಂತಿ ಕಡಿಯುತ್ತಿದೆ ಎಂದರ್ಥ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಭಟ್ಟರು ಒಲೆ ಹಚ್ಚುವ ಮುಂಚೆ ಗ್ಯಾಸಿನ ನಳಿಗೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

ದಾರಿಯಲ್ಲಿ ಎಂದಾದರೂ ಮೋಟಾರು ಮಾತು ಕೇಳದೆ ಓಡಿತೆನ್ನಿ. ಲಿವರು ಹಿಡಿಯಿರಿ, ಮೋಟಾರು ನಿಲ್ಲುತ್ತದೆ. ಆದರೆ ನಿಂತಿತಲ್ಲ ಎಂದು ಲಿವರು ಬಿಡಬೇಡಿ. ಬಿಟ್ಟರೆ ಮತ್ತೆ ಓಡುತ್ತದೆ. ಒಂದು ಕೈಯಲ್ಲಿ ಲಿವರು ಹಿಡಿದಿರುವಾಗಲೇ ಇನ್ನೊಂದು ಕೈಯಲ್ಲಿ ಕರೆಂಟು ಆರಿಸಿ. ಅದಕ್ಕಾಗಿ ಆರಿಸುವ ಗುಂಡಿ ಹ್ಯಾಂಡಲಿನ ಮೇಲೆಯೇ ಇರಬೇಕು, ಚೀಲದ ಹಿಂದೆ ಅಲ್ಲ. ಪಾರ್ಸೆಲ್ಲು ಹೇರುವಾಗ, ಇಳಿಸುವಾಗಲೂ ಮೊದಲು ಗುಂಡಿ ಆರಿಸುವುದನ್ನು ರೂಢಿ ಮಾಡಿಕೊಳ್ಳಿ.

ಕಾನೂನಿನ ಮಾತೂ ಒಂದಿಷ್ಟು ತಿಳಿದಿರಲಿ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ ೨೫೦ ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಿಮೆ ಇರುವ ಬ್ಯಾಟರಿ ಗಾಡಿಯನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದರೆ ತಕ್ಕ ಬ್ರೇಕು ಇರಬೇಕು, ಮುಂದೆ ಬಿಳಿಯ, ಹಿಂದೆ ಕೆಂಪಿನ ಹೊಳೆಯುವ ಬಿಲ್ಲೆ ಇರಬೇಕು ಎಂದು ಅಲ್ಲಿಯೇ ಹೇಳಿದೆ. ಪೆಡಲಿನ ಗಾಡಿಯಾದರೆ, ತುಳಿಯುವುದು ನಿಂತಾಗ ಮೋಟಾರಿನ ಶಕ್ತಿಯೂ ಕಡಿಯಬೇಕು ಎಂಬ ಮಾತೂ ಇದೆ. ಗಾಡಿಯ ಮಾದರಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯ ವಿಷಯವೂ ಇದೆ. ಕೈಯಲ್ಲಿ ಕಟ್ಟಿದ ಗಾಡಿಯವರು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹೆಚ್ಚು ಶಕ್ತಿಯ ಮೋಟಾರು ಹಾಕಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಬರುತ್ತದೆ. 'ಇನ್ನೂ ಜೋರಾಗಿ ಓಡಲಿ' ಎಂಬ ಆಸೆ ಬೇಡ.

ಇಷ್ಟು ಹೇಳಿದ ಮೇಲೆ ಗಿರಣಿಯ ಹಿರಿಯರ ಕಡೆ ತಿರುಗುತ್ತೇವೆ. ನಾವು ಸೈಕಲ್ಲು ಬಿಚ್ಚಿ ಕೂತಿದ್ದ ರಾತ್ರಿ, ಲಾಲ್‌ಬಾಗಿನ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ಕೂತರು. ಅವರು ಸಾಂಚಾ ಖಾತೆಯಲ್ಲಿ ಜಾಬರ್ ಆಗಿದ್ದವರು. ೧೯೮೨ರ ಜನವರಿ ೧೮ರಂದು ಶುರುವಾದ ಮುಷ್ಕರದಲ್ಲಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ನಮ್ಮ ತಂತಿಯನ್ನು ನೋಡಿ ಅವರು, 'ಇದರಲ್ಲಿ ಹೊಸದೇನಿದೆ ತಮ್ಮಾ? ನಮ್ಮ ಸಾಂಚೆಯಲ್ಲಿ ಇದು ಇತ್ತಲ್ಲ' ಎಂದರು.

ಅವರು ಹೇಳಿದ್ದು ಹೀಗೆ. ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಅದನ್ನು ಮುಟ್ಟಿ ನೋಡುವ ಒಂದು ಚಿಕ್ಕ ಕವಲು ಕಡ್ಡಿ ಇರುತ್ತಿತ್ತು. ನೂಲಿನ ತಡೆ ಸಿಗದಿದ್ದರೆ ಅದು ಮಗ್ಗವನ್ನು ನಿಲ್ಲಿಸುತ್ತಿತ್ತು. ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಒಂದೊಂದು ಎಳೆಯ ಮೇಲೂ ಒಂದೊಂದು ತೆಳು ಉಕ್ಕಿನ ಪಟ್ಟಿ ಕೂತಿರುತ್ತಿತ್ತು. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತಿತ್ತು, ಪಟ್ಟಿ ಬಿದ್ದರೆ ಮಗ್ಗ ನಿಲ್ಲುತ್ತಿತ್ತು. ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ಸಾಕು. ಜಪಾನಿನ ಸಾಕಿಚಿ ಟೊಯೋಡಾ ಎಂಬವರು ೧೯೨೪ರಲ್ಲಿ ಪೂರ್ಣಗೊಳಿಸಿದ ಮಗ್ಗ ಇಂಥ ಉಪಾಯಗಳಿಂದಲೇ ಹೆಸರಾಯಿತು. ೧೯೨೯ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪೆನಿ ಅದರ ಹಕ್ಕನ್ನು ಕೊಂಡಿತು. ಮುಂದೆ ಆ ಮನೆತನವೇ ಟೊಯೋಟಾ ಕಾರು ಮಾಡಲು ಹೊರಟಿತು.

ಆ ಹಿರಿಯರು ಇನ್ನೊಂದು ಮಾತನ್ನೂ ಹೇಳಿದರು. 'ತಾನಾಗಿ ನಿಲ್ಲುವ ಮಗ್ಗ ಬಂದರೆ ದುಡಿಯುವವನಿಗೆ ಕಣ್ಣು ಹಗುರ, ಅದು ಸರಿ. ಆದರೆ ಧಣಿ ಏನೆನ್ನುತ್ತಾನೆ? ಮಗ್ಗ ತಾನೇ ನಿಲ್ಲುತ್ತದಲ್ಲ, ನೀನು ಇನ್ನೆರಡು ಸಾಂಚೆ ನೋಡಿಕೋ ಎನ್ನುತ್ತಾನೆ.' ೧೯೨೮ರ ಮುಂಬಯಿ ಗಿರಣಿ ಮುಷ್ಕರದಲ್ಲಿ ಒಬ್ಬನ ತಲೆಗೆ ಎಷ್ಟು ಸಾಂಚೆ ಎಂಬುದೇ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಹಿರಿಯರ ಆ ಮಾತು ನಮ್ಮ ಎದೆಗೆ ನಾಟಿತು. ಸೈಕಲ್ಲಿಗೆ ಮೋಟಾರು ಬಂದ ಮೇಲೆ ನಮ್ಮ ಹುಡುಗರ ಕಾಲಿನ ನೋವು ಕಡಿಮೆಯಾಯಿತು, ನಿಜ. ಆದರೆ ಸುತ್ತುಗಳು? ಮೊದಲು ಹತ್ತು ಮನೆಗೆ ಹೋಗುತ್ತಿದ್ದವನು ಈಗ ಇಪ್ಪತ್ತು ಮನೆಗೆ ಹೋಗುತ್ತಾನೆ. ಪಗಾರ ಎರಡರಷ್ಟಾಯಿತೇ? ನೀವೇ ಹೇಳಿ.

ಇದಕ್ಕಾಗಿಯೇ ತಂತಿಯ ಮಾತು ಸಂಘದ ಮಾತಾಯಿತು. ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಕಡಿದ ತಂತಿಯನ್ನು ಕಾಗದದಲ್ಲಿ ಸುತ್ತಿಕೊಂಡು ನಾಲ್ಕು ಮಂದಿ ಧಣಿಗಳ ಹತ್ತಿರ ಹೋದೆವು. ಗಲ್ಲಾದ ಮೇಲೆ ಇಟ್ಟು ಮೀಟರು ಹಿಡಿದು ತೋರಿಸಿದೆವು. 'ಹುಡುಗ ಹಿಡಿ ಬಿಟ್ಟಿದ್ದ, ತಂತಿ ಬಿಡಲಿಲ್ಲ. ಬ್ರೇಕಿನ ತಂತಿ ಜೋಡಿಸದ ತಪ್ಪು ನಮ್ಮದು, ಅವನದಲ್ಲ' ಎಂದೆವು. ಕೆಲಸದ ಹೊತ್ತಿನಲ್ಲಿ ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಧಣಿ ಪರಿಹಾರ ಕೊಡಬೇಕೆಂಬುದು ಈ ದೇಶದಲ್ಲಿ ೧೯೨೩ರಿಂದಲೂ ಕಾನೂನಿನ ಮಾತು, ಅದನ್ನೂ ನೆನಪಿಸಿದೆವು. ಮೊದಲು ಗದರಿದರು, ಆಮೇಲೆ ಸುಮ್ಮನಾದರು. ಪಗಾರ ಮುರಿಯುವುದು ನಿಂತಿತು. ಆಸ್ಪತ್ರೆಯ ಖರ್ಚು ಕೊಟ್ಟರು. ಆರು ವಾರದ ಪಗಾರದಲ್ಲಿ ಅರ್ಧಕ್ಕೆ ಒಪ್ಪಿದರು, ಉಳಿದರ್ಧದ ಮಾತು ಇನ್ನೂ ನಡೆದಿದೆ. ಬಿಟ್ಟಿಲ್ಲ.

ಹುಡುಗ ಈಗ ಮತ್ತೆ ಸೈಕಲ್ಲು ಹತ್ತಿದ್ದಾನೆ. ಅವನ ಗಾಡಿಗೆ ಎರಡೂ ಕಡೆ ತಂತಿ ಕಟ್ಟಿಕೊಟ್ಟಿದ್ದೇವೆ. ಅಲ್ಲ, ನಾವು ಕಟ್ಟಲಿಲ್ಲ, ಅವನೇ ಕಟ್ಟಿದ. ನಾವು ಪಕ್ಕದಲ್ಲಿ ದೀಪ ಹಿಡಿದಿದ್ದೆವು. 'ಅಣ್ಣಾ, ಈ ಸಲ ನಾನೇ ಕಟ್ಟುತ್ತೇನೆ' ಎಂದು ಅವನು ಹೇಳಿದಾಗ ನಮಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಆದ್ದರಿಂದ ಸಭೆಯ ಮುಂದೆ ಮೂರು ಅರಿಕೆಗಳನ್ನು ಇಡುತ್ತೇವೆ. ಒಂದು, ನಮ್ಮ ಸದಸ್ಯರ ಯಾವ ಮೋಟಾರು ಸೈಕಲ್ಲೂ ಬ್ರೇಕಿನ ತಂತಿ ಇಲ್ಲದೆ ಬೀದಿಗೆ ಇಳಿಯಬಾರದು. ತಂತಿ ಇಲ್ಲದವರು ನಾಚದೆ ಕೋಣೆಗೆ ಬನ್ನಿ. ಮೀಟರು ಇದೆ, ಬೆಸುಗೆಯ ಕಡ್ಡಿ ಇದೆ, ಕಲಿಸುವವರೂ ಇದ್ದೇವೆ. ಎರಡು, ಬೆಳಗಿನ ಆ ಎರಡು ನಿಮಿಷದ ಪರೀಕ್ಷೆ ಕೆಲಸದ ಹೊತ್ತಿನಲ್ಲಿ ಸೇರಬೇಕು, ಹುಡುಗನ ನಿದ್ದೆಯ ಹೊತ್ತಿನಲ್ಲಲ್ಲ. ಮೂರು, ಪರೀಕ್ಷೆಯಲ್ಲಿ ಗಾಡಿ ನಿಲ್ಲದಿದ್ದರೆ, 'ಈ ಗಾಡಿ ಇವತ್ತು ಹೊರಡುವುದಿಲ್ಲ' ಎಂದು ಹೇಳುವ ಹಕ್ಕು ಅದನ್ನು ಓಡಿಸುವವನಿಗೆ ಇರಬೇಕು. ಹಾಗೆ ಹೇಳಿದವನ ಪಗಾರಕ್ಕೆ ಯಾರೂ ಕೈ ಹಾಕಕೂಡದು. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಎಲ್ಲರೂ ಹೇಳಿದರೆ ಅದು ಪದ್ಧತಿಯಾಗುತ್ತದೆ.

ಓಡುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ, ಬಂಧುಗಳೇ. ಊರು ಬಿಟ್ಟ ದಿನದಿಂದ ಓಡುತ್ತಲೇ ಇದ್ದೇವೆ. ನಿಲ್ಲಬೇಕಾದಲ್ಲಿ ನಿಲ್ಲುವುದನ್ನು ಗಾಡಿಗೂ ಕಲಿಸೋಣ, ನಾವೂ ಕಲಿಯೋಣ.

ಸಭೆ ಮುಗಿದ ಮೇಲೆ ಹೊರಗೆ ಎರಡು ಸೈಕಲ್ಲು ನಿಲ್ಲಿಸಿದ್ದೇವೆ, ಒಂದಕ್ಕೆ ತಂತಿ ಇದೆ, ಒಂದಕ್ಕೆ ಇಲ್ಲ. ಲಿವರು ಹಿಡಿದು ನೀವೇ ನೋಡಿರಿ.